ಕಾಳಿ ಅಳಿವೆಯಲ್ಲಿ ಪೀಜೊ ಹೈಡ್ರೋಫೋನ್: ಚಟಪಟ ಕೇಳುತ್ತೆ, ಮೀನಿನ ತಗ್ಗು ದನಿ ಕೇಳಲ್ಲ

ಕಾಳಿ_ದಂಡೆ:
ಕಾರವಾರದ ಕಾಳಿ ನದಿಯ ಅಳಿವೆಯಲ್ಲಿ ಮೀನಿನ ದನಿ ಕೇಳಲು ಹೈಡ್ರೋಫೋನ್ (ನೀರೊಳಗಿನ ಮೈಕ್) ಮಾಡಿದೆ: 27 ಮಿ.ಮೀ. ಹಿತ್ತಾಳೆ ಪೀಜೊ ಡಿಸ್ಕ್ (ಬಗ್ಗಿದರೆ ವೋಲ್ಟೇಜ್ ಕೊಡುವ ಸೆರಾಮಿಕ್ ಅಂಟಿಸಿದ ತಟ್ಟೆ) ಒಂದು, 10 ಮೀಟರ್ ಶೀಲ್ಡ್ ವೈರ್, ಮೇಲೆ ಸಿಲಿಕೋನ್, ನೇರ ಲ್ಯಾಪ್‌ಟಾಪ್ ಮೈಕ್ ಜ್ಯಾಕಿಗೆ. ಸದಾಶಿವಗಡದ ಹತ್ತಿರ 3 ಮೀಟರ್ ಆಳಕ್ಕೆ ಬಿಟ್ಟರೆ ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದು ಚೆನ್ನಾಗಿ ಬರುತ್ತೆ. ಕ್ರೋಕರ್ ಮೀನಿನ ಗೊರಗೊರ ಮಾತ್ರ ಇಲ್ಲ, ಮೇಲೆ 50 ಹರ್ಟ್ಸ್ ಹಮ್ (ಕರೆಂಟ್ ಲೈನಿನ ಗುಂಯ್ ಸದ್ದು) ಬೇರೆ. ಎರಡನೇ ದಿನಕ್ಕೆ ದನಿಯೇ ಸೊರಗಿತು. ಡಿಸ್ಕ್ ಬದಲಿಸಬೇಕಾ? ಹಳೇ ಫಿಶ್‌ಫೈಂಡರ್ ಟ್ರಾನ್ಸ್‌ಡ್ಯೂಸರ್ (ಮೀನು ಪತ್ತೆ ಯಂತ್ರದಲ್ಲಿ ಸದ್ದು ಕಳಿಸಿ ಹಿಡಿಯುವ ಭಾಗ) ಇದೆ, ಅದು ನಡೆಯುತ್ತಾ?

ತರಂಗ_ಲೆಕ್ಕ:
ಡಿಸ್ಕಿನದು ತಪ್ಪಿಲ್ಲ, ಮೈಕ್ ಜ್ಯಾಕಿನದು. ಪೀಜೊ ಅಂದರೆ ವಿದ್ಯುತ್ ಲೆಕ್ಕದಲ್ಲಿ ಒಂದು ಕೆಪಾಸಿಟರ್. ನಿಮ್ಮ ಅಳತೆಯದು ಸುಮಾರು 20 ನ್ಯಾನೊಫ್ಯಾರಡ್. ಮೈಕ್ ಇನ್‌ಪುಟ್ 5 ಕಿಲೋ ಓಮ್ ಎಂದುಕೊಂಡರೆ ಎರಡೂ ಸೇರಿ 1,600 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ದನಿ ತಡೆಯುವ ಜರಡಿ) ಆಯಿತು. ಚಟಪಟ ಸದ್ದು ಸ್ನ್ಯಾಪಿಂಗ್ ಶ್ರಿಂಪ್ ಜಾತಿಯ ಸಿಗಡಿಯದು, ಅದರ ಶಕ್ತಿ ಹೆಚ್ಚಾಗಿ 2 ಕಿಲೋಹರ್ಟ್ಸ್‌ಗಿಂತ ಮೇಲೆ, ಹಾಗಾಗಿ ದಾಟಿ ಬಂತು. ಕ್ರೋಕರ್ ದನಿ ಕೆಲವು ನೂರು ಹರ್ಟ್ಸ್‌ನಲ್ಲೇ ಇರೋದು, ಅಲ್ಲೇ ಸೋರಿಹೋಯಿತು.

ನಡುವೆ ಒಂದು ಜೆಫೆಟ್ ಬಫರ್ (ಪೀಜೊಗೆ ಹೊರೆಯಾಗದೆ ದನಿ ಮುಂದಕ್ಕೆ ದಾಟಿಸುವ ಟ್ರಾನ್ಸಿಸ್ಟರ್ ಸರ್ಕ್ಯೂಟ್) ಹಾಕಿ. ಟ್ರಾನ್ಸಿಸ್ಟರ್ 2ಎನ್3819 (ಅದರ ಮೂರು ಕಾಲು ಗೇಟ್, ಸೋರ್ಸ್, ಡ್ರೇನ್): ಡಿಸ್ಕಿನ ಸಿಗ್ನಲ್ ಗೇಟಿಗೆ, ಗೇಟಿನಿಂದ ಗ್ರೌಂಡಿಗೆ 220 ಕಿಲೋ ಓಮ್, ಸೋರ್ಸಿನಿಂದ ಗ್ರೌಂಡಿಗೆ 4.7 ಕಿಲೋ, ಡ್ರೇನ್ ನೇರ 9 ವೋಲ್ಟ್ ಬ್ಯಾಟರಿಗೆ, ಔಟ್‌ಪುಟ್ ಸೋರ್ಸಿನಿಂದ 10 ಮೈಕ್ರೋಫ್ಯಾರಡ್ ನಾನ್‌-ಪೋಲಾರ್ ಕೆಪಾಸಿಟರ್ ಮೂಲಕ. ಈಗ ಕಟ್‌ಆಫ್ 36 ಹರ್ಟ್ಸ್, ಅಂದರೆ ಅದಕ್ಕಿಂತ ಮೇಲಿನ ದನಿ ದಾಟುತ್ತೆ. ಗಿಟಾರ್ ಪಿಕಪ್ ಸರ್ಕ್ಯೂಟ್ ನೋಡಿ 10 ಮೆಗಾ ಓಮ್ ಹಾಕಬೇಡಿ, ಆ ಮಿತಿ ತೀರಾ ಕೆಳಗಿಳಿದು ಅಲೆಯ ಏರಿಳಿತವೂ ಒಳಬರುತ್ತೆ. ಅರ್ಧ ಮೀಟರ್ ಅಲೆ ಎಂದರೆ 5 ಕಿಲೋಪ್ಯಾಸ್ಕಲ್ ಏರಿಳಿತ; ಅದು ಒಳನುಗ್ಗಿದರೆ ಮೀನಿನ ದನಿಗೆ ಜಾಗವೇ ಉಳಿಯಲ್ಲ. ಬಫರನ್ನು ನೀರಿಗಿಳಿಸುವ ಅಗತ್ಯ ಇಲ್ಲ: 10 ಮೀಟರ್ ವೈರಿನ ಕೆಪಾಸಿಟೆನ್ಸ್ 1 ನ್ಯಾನೊಫ್ಯಾರಡ್ ಆಸುಪಾಸು, ನಷ್ಟ 5% ಅಷ್ಟೇ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಅರ್ಧ ಹಮ್ ಅಲ್ಲೇ ಹೋಗಬಹುದು.

ಬೆಸುಗೆ_ಕಡ್ಡಿ:
ಉಳಿದ ಹಮ್ಮಿಗೆ ಮದ್ದು ಎರಡು ಡಿಸ್ಕ್. ಸೆರಾಮಿಕ್ ಮುಖ ಒಳಗೆ, ಹಿತ್ತಾಳೆ ಹೊರಗೆ, ನಡುವೆ 2 ಮಿ.ಮೀ. ಅಕ್ರಿಲಿಕ್ ಬಳೆ. ಹಿತ್ತಾಳೆ ಎರಡೂ ಗ್ರೌಂಡ್, ಸೆರಾಮಿಕ್ ಎರಡೂ ಸಿಗ್ನಲ್. ಹಿತ್ತಾಳೆಯೇ ಶೀಲ್ಡ್ ಆಗುತ್ತೆ. ಒತ್ತಡದ ಸಿಗ್ನಲ್ ಕೂಡುತ್ತೆ, ವೈರ್ ಅಲುಗಾಟದ್ದು ಒಂದಕ್ಕೊಂದು ಕಳೆಯುತ್ತೆ. ಇದು ಬಹಳ ಚೆಂದದ ಉಪಾಯ, ಬಿಡಬೇಡಿ. ಒಳಗೆ ಗಾಳಿ ಇದ್ದರೇ ತಟ್ಟೆ ಬಗ್ಗೋದು. ಆದರೆ 3 ಮೀಟರಿನಲ್ಲೇ ಒಂದೊಂದು ತಟ್ಟೆಯ ಮೇಲೆ ಸುಮಾರು 1.7 ಕೆ.ಜಿ. ಭಾರ ಬೀಳುತ್ತೆ, ತೀರಾ ಆಳಕ್ಕೆ ಇಳಿಸಬೇಡಿ.

ಸೆರಾಮಿಕ್ ಮೇಲೆ ಬೆಸುಗೆ 1-2 ಸೆಕೆಂಡಿನಲ್ಲಿ ಮುಗಿಯಬೇಕು. ಹೆಚ್ಚು ಕಾಯಿಸಿದರೆ ಬೆಳ್ಳಿಯ ಲೇಪ ಬೆಸುಗೆಯ ಲೋಹದಲ್ಲಿ ಕರಗುತ್ತೆ, ಸೆರಾಮಿಕ್ಕಿನ ಧ್ರುವೀಕರಣವೂ (ವೋಲ್ಟೇಜ್ ಕೊಡುವ ಗುಣ) ಕುಗ್ಗುತ್ತೆ.

ಎರಡನೇ ದಿನ ಸೊರಗಿದ್ದು ಉಪ್ಪುನೀರು ಒಳಹೊಕ್ಕಿದ್ದಕ್ಕೇ. ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುತ್ತೆ, ಪಿವಿಸಿ ಹೊದಿಕೆಗೆ ಸರಿಯಾಗಿ ಹಿಡಿಯೋದೂ ಇಲ್ಲ. ಹೊದಿಕೆಯನ್ನು ಮರಳು ಕಾಗದದಿಂದ ಒರಟು ಮಾಡಿ ಎರಡು ಭಾಗದ ಪಾಲಿಯುರೆಥೇನ್ ಎರೆಯಿರಿ. ಶೀಲ್ಡ್ ಹೆಣಿಗೆ ದೀಪದ ಬತ್ತಿಯಂತೆ ನೀರೆಳೆಯುತ್ತೆ. ಅರ್ಧ ಇಂಚು ಬೆಸುಗೆ ತುಂಬಿ ಮುಚ್ಚಿ. ಹೊರ ಎರಕದಲ್ಲಿ ಗುಳ್ಳೆ ಉಳಿಯಬಾರದು, ಗಾಳಿ ಸಿಕ್ಕಲ್ಲಿ ಸದ್ದು ತಿರುಗಿ ಹೋಗುತ್ತೆ. ಒಂದು ರಾತ್ರಿ ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟು, ಬಫರ್ ಬಿಚ್ಚಿ, ಸಿಗ್ನಲ್-ಗ್ರೌಂಡ್ ನಡುವೆ ಅಳೆಯಿರಿ. ಮೀಟರ್ 20 ಮೆಗಾ ಓಮ್ ದಾಟಿರಬೇಕು.

ತರಂಗ_ಲೆಕ್ಕ:
ಫಿಶ್‌ಫೈಂಡರ್ ಬೇಡ. ಅದರ ಸೆರಾಮಿಕ್ 50 ಅಥವಾ 200 ಕಿಲೋಹರ್ಟ್ಸ್‌ಗೆ ಶ್ರುತಿ ಮಾಡಿದ್ದು, ತಗ್ಗು ದನಿಗೆ ಮಂದ.

ಕಾಳಿ_ದಂಡೆ:
ಈಗಲೇ ಅಳೆದೆ, 60 ಕಿಲೋ ಓಮ್. ನೀರು ಹೊಕ್ಕಿದೆ. ಎರಡು ಡಿಸ್ಕಿನದೇ ಮಾಡ್ತೇನೆ. 220 ಕಿಲೋ ಹಾಗೇ ಇರಲಾ?

ತರಂಗ_ಲೆಕ್ಕ:
ಇರಲಿ, 40 ನ್ಯಾನೊಫ್ಯಾರಡ್ ಆಗುವುದರಿಂದ ಕಟ್‌ಆಫ್ 18 ಹರ್ಟ್ಸ್‌ಗೆ ಇಳಿಯುತ್ತೆ. ಉಬ್ಬರ-ಇಳಿತದ ನಡುವೆ ನೀರು ನಿಂತ ಹೊತ್ತಿನಲ್ಲೇ, ಸಂಜೆಗತ್ತಲಿಗೆ ರೆಕಾರ್ಡ್ ಮಾಡಿ. ಸೆಳೆತ ಇದ್ದರೆ ವೈರ್ ತಂತಿಯಂತೆ ಮಿಡಿಯುತ್ತೆ. ದೋಣಿಗೆ ಕಟ್ಟದೆ ರಬ್ಬರ್ ಹಗ್ಗದಲ್ಲಿ ತೇಲುಬುರುಡೆಗೆ ಇಳಿಬಿಡಿ. ಅರ್ಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಇಳಿಸಬೇಡಿ.