ತುದಿಗಳ ದರಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಸರಾಸರಿ ಬದಲಾವಣೆಯ ದರ ಸಿಗುತ್ತದೆಯೇ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ):
ಎಲ್ಲರಿಗೂ ನಮಸ್ಕಾರ. ಫಲನದ ಸರಾಸರಿ ಬದಲಾವಣೆಯ ದರ ಬೇಕಿದ್ದರೆ, ಕೊನೆಯ ಬೆಲೆಯಿಂದ ಮೊದಲ ಬೆಲೆಯನ್ನು ಕಳೆದು, ಬಂದದ್ದನ್ನು ಎಕ್ಸ್‌ನಲ್ಲಾದ ವ್ಯತ್ಯಾಸದಿಂದ ಭಾಗಿಸಬೇಕೆಂದು ಕಲಿತಿದ್ದೇವೆ. ಎಕ್ಸ್ ವರ್ಗಕ್ಕೆ 1ರಿಂದ 4ರವರೆಗೆ ಹೀಗೆ ಮಾಡಿದರೆ (16 − 1) ÷ 3 = 5. ಎರಡು ತುದಿಗಳಲ್ಲಿನ ಡೆರಿವೇಟಿವ್‌ಗಳು, ಅಂದರೆ ಆಯಾ ಬಿಂದುವಿನಲ್ಲಿ ಫಲನ ಬದಲಾಗುವ ದರಗಳು, 2 ಮತ್ತು 8. ಅವುಗಳ ಸರಾಸರಿಯೂ 5. ಆದರೆ ಎಕ್ಸ್ ಘನಕ್ಕೆ 0ಯಿಂದ 2ರವರೆಗೆ ಸೂತ್ರದ ಪ್ರಕಾರ 4 ಬರುತ್ತದೆ, ತುದಿಗಳ ಸರಾಸರಿ ಮಾತ್ರ 6. ಒಂದು ಕಡೆ ಹೊಂದುವ ಲೆಕ್ಕ ಇನ್ನೊಂದು ಕಡೆ ಏಕೆ ಹೊಂದುವುದಿಲ್ಲ?

ಉತ್ತರ (ಗಣಿತ ಉಪನ್ಯಾಸಕ, ಚಿಕ್ಕಮಗಳೂರು):
ಬಹಳ ಒಳ್ಳೆಯ ಪ್ರಶ್ನೆ. ಯಾವುದೇ ವರ್ಗ ಫಲನವನ್ನು, ಅಂದರೆ ಎ·ಎಕ್ಸ್² + ಬಿ·ಎಕ್ಸ್ + ಸಿ ಎಂಬುದನ್ನು ಪಿಯಿಂದ ಕ್ಯೂವರೆಗೆ ತೆಗೆದುಕೊಂಡು ಸೂತ್ರ ಹಾಕಿದರೆ, (ಕ್ಯೂ − ಪಿ) ಹೊಡೆದುಹೋಗಿ ಎ(ಪಿ + ಕ್ಯೂ) + ಬಿ ಉಳಿಯುತ್ತದೆ. ತುದಿಗಳ ಡೆರಿವೇಟಿವ್‌ಗಳಾದ 2ಎ·ಪಿ + ಬಿ ಮತ್ತು 2ಎ·ಕ್ಯೂ + ಬಿ ಇವುಗಳ ಸರಾಸರಿಯೂ ಅದೇ. ವರ್ಗ ಫಲನದ ಡೆರಿವೇಟಿವ್ ಸರಳರೇಖೆಯಾಗಿರುವುದರಿಂದ ದರವು ಒಂದೇ ಸಮನಾಗಿ ಏರುತ್ತದೆ ಇಲ್ಲವೇ ಇಳಿಯುತ್ತದೆ; ಆದ್ದರಿಂದ ಎರಡು ತುದಿಗಳನ್ನು ನೋಡಿದರೆ ಸಾಕಾಗುತ್ತದೆ. ಎಕ್ಸ್ ಘನದ ಡೆರಿವೇಟಿವ್ 3·ಎಕ್ಸ್² ಆದುದರಿಂದ ಆರಂಭದಲ್ಲಿ ನಿಧಾನವಾಗಿ ಏರಿ ಕೊನೆಯಲ್ಲಿ ಒಮ್ಮೆಲೇ ಮೇಲೇರುತ್ತದೆ. ತುದಿಗಳ ದರಗಳು 0 ಮತ್ತು 12; ಕೊನೆಯ 12ಕ್ಕೆ ಅರ್ಧ ಪಾಲು ಕೊಟ್ಟದ್ದರಿಂದಲೇ ನಿಮ್ಮ ಉತ್ತರ 6ಕ್ಕೆ ಹೋಯಿತು.

ಉತ್ತರ (ಸಕಲೇಶಪುರದಿಂದ):
ಹಾಸನದಿಂದ ನಮ್ಮೂರಿಗೆ ಸುಮಾರು 40 ಕಿ.ಮೀ. ಬಸ್ಸು ಒಂದು ಗಂಟೆಯಲ್ಲಿ ತಲುಪಿತೆಂದುಕೊಳ್ಳಿ. ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಹೊರಡುವ ಕ್ಷಣದಲ್ಲಿಯೂ ನಿಲ್ಲುವ ಕ್ಷಣದಲ್ಲಿಯೂ ವೇಗ ಸೊನ್ನೆ, ಹಾಗಾಗಿ ತುದಿಗಳ ಸರಾಸರಿಯೂ ಸೊನ್ನೆಯೇ. ದಾರಿಯಲ್ಲಿ ಕನಿಷ್ಠ ಒಂದು ಕ್ಷಣವಾದರೂ ವೇಗ ನಿಖರವಾಗಿ 40 ಇದ್ದೇ ಇರುತ್ತದೆ ಎಂಬುದನ್ನು ಲಗ್ರಾಂಜ್‌ರ ಪ್ರಮೇಯ ಹೇಳುತ್ತದೆ. ನಿಮ್ಮ ಎಕ್ಸ್ ಘನದಲ್ಲಿ ಆ ಬಿಂದು 2 ÷ √3, ಅಂದರೆ ಸುಮಾರು 1.155, ನಡುಬಿಂದುವಾದ 1 ಅಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ನಡುಬಿಂದುವಿನ ದರವನ್ನೂ ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆಯೇ?

ಉತ್ತರ (ಗಣಿತ ಉಪನ್ಯಾಸಕ, ಚಿಕ್ಕಮಗಳೂರು):
ಸರಿಹೋಗುತ್ತದೆ, ಆದರೆ ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಡಬೇಕು. ನಿಮ್ಮ ಲೆಕ್ಕದಲ್ಲಿ ದರಗಳು 0, 3, 12; (0 + 4×3 + 12) ÷ 6 = 4. ಇದು ಸಿಂಪ್ಸನ್ ನಿಯಮ. ಎಕ್ಸ್‌ನ ನಾಲ್ಕನೆಯ ಘಾತಕ್ಕೂ ಅದೇ ಅಂತರದಲ್ಲಿ ಸರಿಯಾಗಿ 8 ಕೊಡುತ್ತದೆ. ಐದನೆಯ ಘಾತಕ್ಕೆ ನಿಜವಾದ ದರ 16 ಇದ್ದರೆ, ಇದರಿಂದ 16.67ರಷ್ಟು ಬರುತ್ತದೆ. ಪರೀಕ್ಷೆಯಲ್ಲಿ ಮಾತ್ರ ನೀವು ಮೊದಲು ಬರೆದ ಸೂತ್ರವನ್ನೇ ಬಳಸಿ. ಫಲನದ ಬೆಲೆಗಳು ಕೈಯಲ್ಲಿರುವಾಗ ಡೆರಿವೇಟಿವ್ ತೆಗೆಯುವ ಅಗತ್ಯವೇ ಇಲ್ಲ.