ಸಹಾಯ ಬೇಕು: ಪಿಎಸ್‌ಕ್ಯೂಎಲ್ ಫೇಲ್ ಆದರೂ ಸ್ಕ್ರಿಪ್ಟ್‌ಗೆ ಎಕ್ಸಿಟ್ ಕೋಡ್ 0 (ಎಲ್ಲ ಸರಿ ಎಂಬ ಸೂಚನೆ) ಬರುತ್ತಿದೆ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಗೊತ್ತಿರುವವರು ದಯವಿಟ್ಟು ನೋಡಿ. ರಾತ್ರಿ 2 ಗಂಟೆಗೆ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಪ್ರೋಗ್ರಾಂ) ಒಂದು ಶೆಲ್ ಸ್ಕ್ರಿಪ್ಟ್ ಓಡಿಸುತ್ತದೆ. ಅದರಲ್ಲಿ ಪಿಎಸ್‌ಕ್ಯೂಎಲ್‌ಗೆ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಪ್ರೋಗ್ರಾಂ) ಮೈನಸ್ ಎಫ್ ಹಾಕಿ ಎಸ್‌ಕ್ಯೂಎಲ್ ಫೈಲ್ ಕೊಟ್ಟಿದ್ದೇನೆ. ಪಾಸ್‌ವರ್ಡ್ ಡಾಟ್ ಪಿಜಿಪಾಸ್ ಫೈಲ್‌ನಲ್ಲಿದೆ, ಪರ್ಮಿಷನ್ 0600 (ಫೈಲ್ ಮಾಲೀಕರಿಗೆ ಮಾತ್ರ ಓದಲು, ಬರೆಯಲು). ಆ ಕಡೆ ತೊಂದರೆ ಇಲ್ಲ.

ಎರರ್ ಬಂದರೆ ಅಲ್ಲೇ ನಿಲ್ಲಲಿ ಅಂತ 'ಆನ್ ಎರರ್ ಸ್ಟಾಪ್' ವೇರಿಯಬಲ್ ಹಾಕಿದ್ದೇನೆ. ಟರ್ಮಿನಲ್‌ನಲ್ಲಿ ಬರೀ ಪಿಎಸ್‌ಕ್ಯೂಎಲ್ ಓಡಿಸಿದರೆ ಎಕ್ಸಿಟ್ ಕೋಡ್ 3 (ಎರರ್‌ನಿಂದ ನಿಂತಿತು ಅಂತ) ಬರುತ್ತದೆ, ಸರಿ. ಸ್ಕ್ರಿಪ್ಟ್‌ನಲ್ಲಿ ಮಾತ್ರ 0! ಹಾಗಾಗಿ ಅಲರ್ಟ್ ಮೇಲ್ ಹೋಗುವುದೇ ಇಲ್ಲ. ಲಾಗ್‌ಗೋಸ್ಕರ ಔಟ್‌ಪುಟ್ಟನ್ನು 'ಟೀ' ಕಮಾಂಡ್‌ಗೆ (ಬಂದದ್ದನ್ನು ತೆರೆಗೂ ಫೈಲ್‌ಗೂ ಬರೆಯುತ್ತದೆ) ಪೈಪ್ ಮಾಡಿದ್ದೇನೆ. ಅದರ ಕೋಡೇ ಸಿಗುತ್ತಿರಬೇಕು, ಅಲ್ವಾ?

ಸರ್ವರ್‌ನಲ್ಲಿರುವುದು ಹಳೆಯ ಡ್ಯಾಶ್ ಶೆಲ್, ಪೈಪ್‌ಫೇಲ್ (ಪೈಪ್‌ನಲ್ಲಿ ಯಾವ ಕಮಾಂಡ್ ಫೇಲ್ ಆದರೂ ಫೇಲ್ ಅಂತ ತೋರಿಸುವ ಆಯ್ಕೆ) ನಡೆಯುವುದಿಲ್ಲ. ಬ್ಯಾಶ್ ಶೆಲ್‌ಗೆ ಹೋಗದೆ ಬೇರೆ ದಾರಿ ಇದೆಯಾ? ಪೈಪ್ ತೆಗೆದು ಸುಮ್ನೆ ಫೈಲ್‌ಗೆ ರೀಡೈರೆಕ್ಟ್ ಮಾಡಿದರೆ ಸಾಕಾ?