ಟರ್ಬೊ ಡೀಸೆಲ್ ಪಿಕಪ್‌ಗೆ ಇನ್‌ಟೇಕ್ ಕಿಟ್ ಹಾಕಿದ ಮೇಲೆ ಎಳೆತ ಕಡಿಮೆ, ಕೋಡ್ ಪಿ0101

ಪ್ರಶ್ನೆ | ಬೂಸ್ಟ್‌ಪ್ರಿಯ
3.0 ಲೀಟರ್ ಟರ್ಬೊ ಡೀಸೆಲ್ ಪಿಕಪ್ ಟ್ರಕ್. ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಟ್ಯೂನ್ ಕಂಪನಿಯದ್ದೇ, ಮುಟ್ಟಿಲ್ಲ. ಏರ್ ಬಾಕ್ಸ್ ತೆಗೆದು ಅಲ್ಯೂಮಿನಿಯಂ ಪೈಪ್, ಎಣ್ಣೆ ಹಚ್ಚುವ ಕಾಟನ್ ಕೋನ್ ಫಿಲ್ಟರ್ ಇರುವ ಕಿಟ್ ಕೂರಿಸಿದೆ. ಟರ್ಬೊ ಸದ್ದು ಜೋರಾಯ್ತು. ಆದ್ರೆ ಲೋಡ್ ಇದ್ದಾಗ ಏರಿನಲ್ಲಿ ಮೊದಲಿಗಿಂತ ಮಂಕು, ಚೆಕ್ ಎಂಜಿನ್ ಲೈಟ್, ಕೋಡ್ ಪಿ0101 (ಒಳಬರೋ ಗಾಳಿ ಅಳೆಯೋ ಎಂಎಎಫ್ ಸೆನ್ಸರ್ ರೀಡಿಂಗ್ ಸರಿ ಹೊಂದ್ತಿಲ್ಲ ಅಂತ). ಬೂಸ್ಟ್ (ಟರ್ಬೊ ಕೊಡೋ ಗಾಳಿ ಒತ್ತಡ) ಗುರಿ ಮುಟ್ಟುತ್ತೆ, ಬೂಸ್ಟ್ ಕಡಿಮೆ ಅನ್ನೋ ಪಿ0299 ಕೋಡ್ ಇಲ್ಲ. ಎಲ್ಲಿಂದ ಶುರು ಮಾಡ್ಲಿ? ಕಿಟ್ ಇಟ್ಕೊಳ್ಳೋದ್ರಲ್ಲಿ ಅರ್ಥ ಇದೆಯಾ?

ಉತ್ತರ | ಹಳೇಸ್ಪ್ಯಾನರ್
ಬೂಸ್ಟ್ ಸರಿ ಇದ್ದೂ ಎಳೆತ ಇಲ್ಲ ಅಂದ್ರೆ ಟರ್ಬೊ ಬಿಚ್ಚಬೇಡಿ, ಎಂಎಎಫ್ ಸೆನ್ಸರ್ ನೋಡಿ. ಕ್ಯಾಲಿಪರ್ ತಗೊಂಡು, ಸೆನ್ಸರ್ ಕೂರೋ ಜಾಗದಲ್ಲಿ ಹಳೇ ಪೈಪಿನದ್ದು, ಹೊಸ ಪೈಪಿನದ್ದು ಒಳವ್ಯಾಸ ಅಳೆಯಿರಿ.

ಹಳೇದು 70 ಮಿ.ಮೀ., ಹೊಸದು 76 ಅಂತ ಇಟ್ಕೊಳ್ಳಿ. ನೋಡೋಕೆ 6 ಮಿ.ಮೀ., ಆದ್ರೆ ವಿಸ್ತೀರ್ಣ ಸುಮಾರು 18% ಜಾಸ್ತಿ. ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತೆ. ಸೆನ್ಸರ್ ಒಳಗಿನ ಬಿಸಿ ಫಿಲ್ಮಿಗೆ ತನ್ನ ಪಕ್ಕದಲ್ಲಿ ಹಾದು ಹೋಗೋ ಗಾಳಿ ಎಷ್ಟು ತಣಿಸ್ತು ಅನ್ನೋದಷ್ಟೇ ಗೊತ್ತು, ಪೈಪ್ ದಪ್ಪ ಆಗಿದ್ದು ಗೊತ್ತಿಲ್ಲ. ಸುಮಾರು 15% ಕಡಿಮೆ ಓದುತ್ತೆ. ಡೀಸೆಲ್‌ನಲ್ಲಿ ಇಸಿಯು ಹೊಗೆ ಬರದ ಹಾಗೆ ಗಾಳಿಯ ಲೆಕ್ಕ ನೋಡಿ ಇಂಧನಕ್ಕೆ ಮಿತಿ ಹಾಕುತ್ತೆ. ಗಾಳಿ ಸಿಲಿಂಡರಿನಲ್ಲಿದೆ, ಲೆಕ್ಕದಲ್ಲಿಲ್ಲ. ಹಾಗಾಗಿ ಡೀಸೆಲ್ ಕಟ್. ಪೆಟ್ರೋಲ್ ಟರ್ಬೊ ಆಗಿದ್ರೆ ಇದೇ ತಪ್ಪು ಫ್ಯುಯೆಲ್ ಟ್ರಿಮ್ (ಇಸಿಯು ಮಾಡೋ ಇಂಧನದ ತಿದ್ದುಪಡಿ) ಏರಿ, ಮಿಶ್ರಣದಲ್ಲಿ ಇಂಧನ ಕಡಿಮೆ ಅನ್ನೋ ಪಿ0171 ಆಗಿ ಕಾಣಿಸ್ತಿತ್ತು.

ಲಾಗ್ ಮಾಡಿ (ಓಡುವಾಗಿನ ಸೆನ್ಸರ್ ರೀಡಿಂಗ್ ದಾಖಲಿಸಿ) ನೋಡಿ. ನಿಮ್ಮ ಎಂಜಿನ್ 3500 ಆರ್‌ಪಿಎಂ, ಫುಲ್ ಲೋಡ್, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚೋ ಭಾಗ) ಒತ್ತಡ 250 ಕೆಪಿಎ (ಕಿಲೊಪ್ಯಾಸ್ಕಲ್, ವಾತಾವರಣದ್ದೂ ಸೇರಿ), ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿ ತಣಿಸೋದು) ಆಚೆ 50 ಡಿಗ್ರಿ ಇದ್ದಾಗ ಸೆಕೆಂಡಿಗೆ ಸುಮಾರು 210 ಗ್ರಾಂ ಗಾಳಿ ಕುಡಿಯಬೇಕು. 180ರ ಹತ್ತಿರ ನಿಂತ್ರೆ ಕಳ್ಳ ಸಿಕ್ಕಿದ ಹಾಗೆ.

ವ್ಯಾಸ ಒಂದೇ ಇದ್ರೆ ಫಿಲ್ಟರ್ ಎಣ್ಣೆ ಮೇಲೆ ಅನುಮಾನ. ಜಾಸ್ತಿ ಹಚ್ಚಿದ್ರೆ ಹಾರಿ ಫಿಲ್ಮ್ ಮೇಲೆ ಕೂರುತ್ತೆ. ಇಗ್ನಿಷನ್ ಆಫ್ ಮಾಡಿ ಸೆನ್ಸರ್ ಹೊರಗೆ ತೆಗೆದು, ಎಂಎಎಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೀರಿ, ಹತ್ತು ಹದಿನೈದು ಸಲ. ಬ್ರೇಕ್ ಕ್ಲೀನರ್ ಬೇಡ, ಕಾರ್ಬ್ ಕ್ಲೀನರ್ ಬೇಡ, ಬಟ್ಟೆ, ಇಯರ್ ಬಡ್ ತಾಗಿಸಲೂ ಬೇಡ. ಅರ್ಧ ಗಂಟೆ ತಾನಾಗೇ ಒಣಗಲಿ, ಕಂಪ್ರೆಸರ್ ಗಾಳಿ ಹೊಡೀಬೇಡಿ. ವಾಪಸ್ ಹಾಕುವಾಗ ಮೈ ಮೇಲಿನ ಬಾಣ ಟರ್ಬೊ ಕಡೆಗಿರಲಿ. ಹಳೇ ಹೌಸಿಂಗ್‌ನಲ್ಲಿ ಜೇನುಗೂಡಿನ ಥರದ ಜಾಲರಿ ಇತ್ತಾ, ಹೊಸದರಲ್ಲಿ ಇದೆಯಾ ಅದನ್ನೂ ನೋಡಿ. ಅದು ಗಾಳಿಯ ಸುಳಿ ಮುರಿಯೋಕೆ ಇರೋದು. ತೆಗೆದ್ರೆ ರೀಡಿಂಗ್ ಕುಣಿಯುತ್ತೆ.

ಉತ್ತರ | ಮ್ಯಾನೊಮೀಟರ್
ಕಿಟ್ ಇಟ್ಕೊಳ್ಳೋದ್ರಲ್ಲಿ ಅರ್ಥ ಇದೆಯಾ ಅನ್ನೋ ಎರಡನೇ ಪ್ರಶ್ನೆಗೆ: ಸ್ಟಾಕ್ (ಕಂಪನಿಯದ್ದೇ) ಟ್ಯೂನ್‌ನಲ್ಲಿ ಇಲ್ಲ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ದಾರಿ ಸಲೀಸಾದ್ರೆ ಅಷ್ಟು ಗಾಳಿ ನೇರವಾಗಿ ಲಾಭ. ಇಲ್ಲಿ ಬೂಸ್ಟ್ ಎಷ್ಟಿರಬೇಕು ಅಂತ ತೀರ್ಮಾನ ಮಾಡೋದು ಇಸಿಯು. ಫಿಲ್ಟರ್ ಸ್ವಲ್ಪ ಬಿಗಿ ಆದ್ರೆ ವೇನ್ (ಟರ್ಬೊ ಒಳಗಿನ ಹೊಂದಿಸೋ ರೆಕ್ಕೆಗಳು) ಮುಚ್ಚಿ ಟರ್ಬೊ ಜಾಸ್ತಿ ತಿರುಗಿಸುತ್ತೆ, ಸಡಿಲ ಆದ್ರೆ ಕಡಿಮೆ ತಿರುಗಿಸುತ್ತೆ. ಮ್ಯಾನಿಫೋಲ್ಡಿಗೆ ಬರೋದು ಅದೇ 250.

ಲೆಕ್ಕ ಹಾಕೋಣ. ಸ್ಟಾಕ್ ಬಾಕ್ಸ್ 3 ಕೆಪಿಎ ತಡೀತು, ಕಿಟ್ 1.5 ಅಂತಿಟ್ರೆ ಟರ್ಬೊದ ಒತ್ತಡದ ಅನುಪಾತ (ಹೊರಹೋಗೋ ಒತ್ತಡ ÷ ಒಳಬರೋ ಒತ್ತಡ) 2.58ರಿಂದ 2.54ಕ್ಕೆ ಇಳೀತು. ಟರ್ಬೊದ ಕಂಪ್ರೆಸರ್ ದಾಟಿ ಹೊರಬರೋ ಗಾಳಿ 2 ಡಿಗ್ರಿಯಷ್ಟು ತಂಪು, ಅದರಲ್ಲೂ ಹೆಚ್ಚಿನ ಪಾಲು ಇಂಟರ್‌ಕೂಲರ್ ನುಂಗುತ್ತೆ. ಆದ್ರೆ ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಎಳ್ಕೊಂಡು ಒಳಬರೋ ಗಾಳಿ 20 ಡಿಗ್ರಿ ಏರಿದ್ರೆ, ಕಂಪ್ರೆಸರ್ ಆಚೆ ಅದು 28 ಡಿಗ್ರಿ ಆಗಿರುತ್ತೆ. ಎರಡು ಡಿಗ್ರಿ ಗಳಿಸೋಕೆ ಇಪ್ಪತ್ತೆಂಟು ಕಳ್ಕೊಳ್ಳೋ ವ್ಯಾಪಾರ! ಜೋರಾದ ಸದ್ದು ಕೇಳಿ ಗಾಡಿ ಹಗುರ ಆಯ್ತು ಅನ್ಸೋದು ಬೇರೆ ವಿಷಯ.

ಸ್ಟಾಕ್ ಬಾಕ್ಸ್ ನಿಜವಾಗ್ಲೂ ತಡೀತಾ ಇದೆಯಾ ಅಂತ ನೀರಿನ ಟ್ಯೂಬಿನಲ್ಲೇ ಅಳೀಬಹುದು. 6 ಮಿ.ಮೀ. ಪಾರದರ್ಶಕ ಟ್ಯೂಬನ್ನು ಒಂದು ಪಟ್ಟಿ ಮೇಲೆ 'ಯು' ಆಕಾರಕ್ಕೆ ಕಟ್ಟಿ, ಪ್ರತಿ ಕಾಲು ಒಂದು ಮೀಟರ್ ಇರಲಿ. ಬಣ್ಣದ ನೀರು ಅರ್ಧದವರೆಗೆ. ಒಂದು ತುದಿ ಫಿಲ್ಟರ್ ದಾಟಿದ ಮೇಲಿನ, ಟರ್ಬೊಗಿಂತ ಮುಂಚಿನ ಪೈಪಿಗೆ (ಫಿಲ್ಟರ್ ತಡೆ ತೋರಿಸೋ ರಿಸ್ಟ್ರಿಕ್ಷನ್ ಇಂಡಿಕೇಟರ್ ತೂತಿದ್ರೆ ಅಲ್ಲಿಗೇ), ಇನ್ನೊಂದು ತುದಿ ತೆರೆದಿರಲಿ. ಓಡಿಸೋರು ಒಬ್ರು, ಓದೋರು ಒಬ್ರು. ಫುಲ್ ಲೋಡ್‌ನಲ್ಲಿ ಎರಡು ಮಟ್ಟಗಳ ವ್ಯತ್ಯಾಸ ನೋಡಿ: 100 ಮಿ.ಮೀ. ಅಂದ್ರೆ ಹೆಚ್ಚುಕಡಿಮೆ 1 ಕೆಪಿಎ. ಬಹಳಷ್ಟು ಡೀಸೆಲ್ ಎಂಜಿನ್‌ಗಳಲ್ಲಿ ಫಿಲ್ಟರ್ ಬದಲಿಸೋ ಮಿತಿ 635 ಮಿ.ಮೀ. ಆಸುಪಾಸು. ಹೊಸ ಪೇಪರ್ ಫಿಲ್ಟರ್ ಹಾಕಿ 300ರ ಒಳಗೆ ಬಂದ್ರೆ ಕಿಟ್ ವಿಷಯ ಅಲ್ಲಿಗೇ ಬಿಡಿ.

ಉತ್ತರ | ಟ್ಯೂನ್‌ಬೆಂಚ್
ಪೂರ್ತಿ ಒಪ್ಪಲ್ಲ. ಟ್ಯೂನ್ ಮಾಡಿ, ದೊಡ್ಡ ಟರ್ಬೊ ಹಾಕಿ ಗಾಳಿ 30% ಏರಿಸಿದ್ರೆ ತಡೆ ಏರೋದು 30% ಅಲ್ಲ, ಸುಮಾರು 70%. 3 ಕೆಪಿಎ ಇದ್ದದ್ದು 5 ಆಗುತ್ತೆ. ಅಲ್ಲಿ ದೊಡ್ಡ ಫಿಲ್ಟರ್‌ಗೆ ಅರ್ಥ ಇದೆ. ಆದ್ರೆ ಮುಚ್ಚಿದ ಬಾಕ್ಸ್, ಹೊರಗಿನ ಗಾಳಿ, ಅದೇ ಎಂಎಎಫ್ ವ್ಯಾಸ ಅಥವಾ ಇಸಿಯು ಒಳಗೆ ಹೊಸ ವ್ಯಾಸಕ್ಕೆ ತಿದ್ದಿದ ಎಂಎಎಫ್ ಟೇಬಲ್, ಇಷ್ಟೂ ಬೇಕು.

ಇನ್ನೊಂದು, ಕಿಟ್ ಇಟ್ರೂ ತೆಗೆದ್ರೂ: ಫಿಲ್ಟರ್‌ನಿಂದ ಟರ್ಬೊವರೆಗಿನ ಪೈಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಒರೆಸಿ. ತೆಳು ಎಣ್ಣೆ ಜಿಡ್ಡು ಸಹಜ, ಎಂಜಿನ್ ಒಳಗಿನ ಆವಿ ಹೊರಬಿಡೋ ಬ್ರೀದರ್ ಹೋಸ್‌ನಿಂದ ಬರುತ್ತೆ. ಬೆರಳಲ್ಲಿ ಉಜ್ಜಿದಾಗ ಮರಳಿನ ಹಾಗೆ ಕರಕರ ಅಂದ್ರೆ ಧೂಳು ಒಳಗೆ ಹೋಗ್ತಿದೆ. ಕ್ಲಾಂಪಿನ ಕೆಳಗೆ ಸಿಲಿಕೋನ್ ಹೋಸ್ ಮಡಚಿರೋದು, ಬ್ರೀದರ್ ಗ್ರೊಮೆಟ್ ಸಡಿಲ ಇರೋದು ಸಾಮಾನ್ಯ ಜಾಗ. ಟಾರ್ಚ್ ಬಿಟ್ಟು ಕಂಪ್ರೆಸರ್ ಬ್ಲೇಡುಗಳ ಮುಂದಿನ ಅಂಚು ನೋಡಿ. ಸವೆದು ಮೊಂಡಾಗಿದ್ರೆ ಸೋರಿಕೆ ಬಹಳ ದಿನದ್ದು.

ಪ್ರಶ್ನೆ | ಬೂಸ್ಟ್‌ಪ್ರಿಯ
ಅಳೆದೆ. ಹಳೇದು 70.2, ಹೊಸದು 75.8, ಜಾಲರಿ ಇಲ್ಲ. ಸ್ಟಾಕ್ ಬಾಕ್ಸ್ ವಾಪಸ್ ಹಾಕ್ತೀನಿ. ಅದರ ತಳದಲ್ಲಿ ಎರಡು ತೂತು ಕೊರೆದ್ರೆ ಹೇಗೆ?

ಉತ್ತರ | ಹಳೇಸ್ಪ್ಯಾನರ್
ಬೇಡ. ಫಿಲ್ಟರ್‌ಗಿಂತ ಮುಂಚೆ ಕೊರೆದ್ರೆ ಬಾನೆಟ್ ಬಿಸಿ, ಚಕ್ರದಿಂದ ಚಿಮ್ಮೋ ನೀರು ಒಳಗೆ. ಪೇಪರ್ ನೆನೆದ್ರೆ ತಡೆ ಇನ್ನೂ ಜಾಸ್ತಿ. ಕೈ ತಪ್ಪಿ ಫಿಲ್ಟರ್ ಆಚೆ ಕೊರೆದ್ರೆ ಧೂಳು ನೇರ ಟರ್ಬೊಗೆ. ಹೊಸ ಪೇಪರ್ ಫಿಲ್ಟರ್ ಹಾಕಿ, ಗ್ರಿಲ್ ಹಿಂದಿನ ಗಾಳಿ ಬಾಯಲ್ಲಿ ಎಲೆ, ಕಸ ಇದ್ರೆ ತೆಗೀರಿ, ಕೋಡ್ ಅಳಿಸಿ ಮತ್ತೆ 3500ರಲ್ಲಿ ಲಾಗ್ ಮಾಡಿ.